ತುಟಿಗೆ ಕೂರುವ ಮಾತು

ಮಾರ್ಚ್ 3

ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಗಂಟಲ ಕ್ಯಾನ್ಸರ್, ಅಕ್ಕನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ, ತಿಂಗಳ ಕೊನೆಯವರೆಗೂ ಕಾಯುವಂತಿಲ್ಲವಂತೆ. ಜೀವಕ್ಕೇನೂ ತೊಂದರೆಯಿಲ್ಲವಲ್ಲ ಎಂದು ಭಾವ ಕೇಳಿದರು. ಆಸ್ಪತ್ರೆಯಲ್ಲಿ ಎಷ್ಟು ದಿನ ಇರಬೇಕು, ಇವರಿಗೆ ಒಲೆ ಹಚ್ಚಲೂ ಬರುವುದಿಲ್ಲ ಎಂದು ಅಕ್ಕ ಕೇಳಿದಳು. ನಾನು ಏನೂ ಕೇಳಲಿಲ್ಲ. ನನ್ನ ತಲೆಯಲ್ಲಿ ಚಿತ್ರಕ್ಕೆ ಅವಳು ದನಿ ಕೊಡಲು ಉಳಿದ ಆರು ರೀಲು ಓಡುತ್ತಿದ್ದವು.

ನಾಚಿಕೆಯಾಗಬೇಕು, ಆಗುತ್ತಿಲ್ಲ. ಈ ಪುಸ್ತಕದಲ್ಲೂ ನಟಿಸುವುದಾದರೆ ಬರೆಯುವುದಾದರೂ ಯಾಕೆ. ನಾನು ನಟಿಸಿದ ಮೊದಲ ಚಿತ್ರದ ನಿರ್ದೇಶಕರು ನನ್ನ ಮುಖ ನೋಡಿ ಆರಿಸಿದರು, ದನಿ ಕೇಳಿ ತಲೆ ಚಚ್ಚಿಕೊಂಡರು. ನನ್ನದು ನೆಲದ ಮೇಲೆ ತಗಡು ಎಳೆದ ಹಾಗಿನ ದನಿ. ನನಗೆ ಕಾವಲಾಗಿ ಬಂದು ಮೂಲೆಯಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಅಕ್ಕ, ಈ ಮಾತನ್ನು ಹೀಗಲ್ಲವೇ ಹೇಳಬೇಕಾದ್ದು ಎಂದು ಸುಮ್ಮನೆ ಹೇಳಿ ತೋರಿಸಿದಳು. ಅಂದಿನಿಂದ ತೆರೆಯ ಮೇಲೆ ಬಾಯಿ ನನ್ನದು, ಮಾತು ಅವಳದು. ನಾನೇ ಕಥೆ ಬರೆದು ನಿರ್ದೇಶಿಸತೊಡಗಿದ ಮೇಲೂ ಅಷ್ಟೇ. ಸಂಭಾಷಣೆ ಬರೆಯುವಾಗ ನನ್ನ ಕಿವಿಯಲ್ಲಿ ಕೇಳುವುದು ಅವಳ ದನಿಯೇ.

ಭಾವನದು ಗಡಿಯಾರ ರಿಪೇರಿಯ ಅಂಗಡಿಯಾಗಿತ್ತು. ಸಕ್ಕರೆ ಕಾಯಿಲೆ ಕಣ್ಣು ತಿಂದುಹಾಕಿತು. ಈಗ ಬೆಳಕು ನೆರಳು ಬಿಟ್ಟರೆ ಏನೂ ಕಾಣದು. ನನ್ನ ಸಿನಿಮಾಕ್ಕೆ ಬಂದರೆ ಕಣ್ಣು ಮುಚ್ಚಿ ಕೂರುತ್ತಾರೆ. ಹೊರಗೆ ಬಂದ ಮೇಲೆ ಪ್ರತಿಸಲವೂ ಒಂದೇ ಮಾತು: "ನನ್ನ ಹೆಂಡ್ತಿ ಚೆನ್ನಾಗಿ ಮಾತಾಡಿದಾಳೆ. ನೀನು ಹೇಗೆ ಮಾಡಿದೀಯೋ ಗೊತ್ತಿಲ್ಲಮ್ಮ."

ಮಾರ್ಚ್ 6

ಬೆಳಗಿನಿಂದ ಡಬ್ಬಿಂಗ್ ಕೋಣೆಯಲ್ಲಿದ್ದೇವೆ. ಗೋಡೆಗೆಲ್ಲ ರತ್ನಗಂಬಳಿ ಹೊಡೆದ, ಕಿಟಕಿಯಿಲ್ಲದ ಕೋಣೆ. ಗಾಜಿನ ಆಚೆ ಯಂತ್ರದ ಮುಂದೆ ನಮ್ಮ ಸೌಂಡ್ ರೆಕಾರ್ಡಿಸ್ಟ್. ಪಕ್ಕದ ಕಟ್ಟಡದಲ್ಲಿ ನಲ್ಲಿ ತೊಟ್ಟಿಕ್ಕಿದರೂ ಕೇಳಿಸಿಕೊಳ್ಳುವ ಅವನನ್ನು ಎಲ್ಲರೂ ಕರೆಯುವುದು ಕಿವಿ ಎಂದೇ. ತೆರೆಯ ಮೇಲೆ ನಾನು ದರ್ಜಿಯಂಗಡಿ ಮುಚ್ಚಲು ಹೊರಟ ಹೆಂಗಸು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಗಿರಾಕಿಯ ಹತ್ತಿರ ಮಾತಾಡುತ್ತೇನೆ. ಅಕ್ಕ ಹಲ್ಲಿನ ನಡುವೆ ಪೆನ್ಸಿಲ್ ಇಟ್ಟುಕೊಂಡು ಮಾತಾಡಿದಳು. ಇದು ಯಾರೂ ಹೇಳಿಕೊಟ್ಟದ್ದಲ್ಲ.

ಡಬ್ಬಿಂಗಿನಲ್ಲಿ ದೊಡ್ಡ ಗುಟ್ಟೇನಿಲ್ಲ. ತೆರೆಯ ಮೇಲಿನ ತುಟಿ ಎಲ್ಲಿ ಮುಚ್ಚುತ್ತದೋ ಅಲ್ಲಿ ಮಾತಿನಲ್ಲೂ ತುಟಿ ಮುಚ್ಚುವ ಅಕ್ಷರ ಬರಬೇಕು. ಅಷ್ಟಾದರೆ ಮಿಕ್ಕದ್ದನ್ನು ಹೇಗೆ ಬೇಕಾದರೂ ಬದಲಾಯಿಸಬಹುದು. ಹಿಂದೊಂದು ಚಿತ್ರದಲ್ಲಿ ನನ್ನ ಬಾಯಿ "ನೀನು ಹೋದರೆ ನಾನು ಬದುಕಲಾರೆ" ಎಂದಿತ್ತು. ಅಕ್ಕ ಮೂಗು ಮುರಿದು, "ನೀನು ಹೋದರೆ ನಾಳೆ ಬಟ್ಟೆ ಒಗೆಯೋರ್ಯಾರು" ಎಂದುಬಿಟ್ಟಳು. ತುಟಿಗೆ ಸರಿಯಾಗಿ ಕೂತಿತು. ಜನ ಮೊದಲು ನಕ್ಕರು, ಆಮೇಲೆ ಅತ್ತರು. ಬಾಯಿ ಏನು ಹೇಳಿತೆಂದು ಯಾರೂ ನೋಡುವುದಿಲ್ಲ. ದನಿ ಏನು ಹೇಳುತ್ತದೋ ಅದನ್ನೇ ಬಾಯಿ ಹೇಳಿತು ಎಂದುಕೊಳ್ಳುತ್ತಾರೆ. ಮಾತು ತಿದ್ದುವ ಚಟ ನನಗೆ ಹತ್ತಿದ್ದು ಅಲ್ಲಿಂದ.

ಸಂಜೆ ಮನೆಗೆ ಬಿಡಲು ಹೋದಾಗ ಭಾವ ನನ್ನನ್ನು ಬಾಗಿಲ ಹೊರಗೆ ಕರೆದು, "ಅವಳ ದನಿ ನನಗೂ ಸ್ವಲ್ಪ ಉಳಿಸಮ್ಮ" ಎಂದರು. ನಾನು ನಕ್ಕೆ. ಅವರೂ ನಕ್ಕರು.

ಮಾರ್ಚ್ 11

ಐದು ರೀಲು ಮುಗಿದವು. ಕೊನೆಯದೊಂದು ಉಳಿಯಿತು.

ಇವತ್ತೇ ಮುಗಿಯುತ್ತಿತ್ತು. ಐದನೆಯ ರೀಲಿನಲ್ಲಿ ದರ್ಜಿಯ ಹೆಂಗಸು ತನ್ನ ಹೊಲಿಗೆ ಯಂತ್ರವನ್ನು ಕೊಂಡುಕೊಳ್ಳಲು ಬಂದವನಿಗೆ, ಎಡಗಾಲು ಸ್ವಲ್ಪ ಕುಂಟುತ್ತೆ, ನೋಡ್ಕೊಳ್ಳಿ, ಎನ್ನುತ್ತಾಳೆ. ಅಕ್ಕ ಮೊದಲ ಸಲವೇ ಚೆನ್ನಾಗಿ ಹೇಳಿದಳು. ನಾನು ಇನ್ನೊಂದು ಎಂದೆ. ಮತ್ತೆ ಇನ್ನೊಂದು. ಒಂದರಲ್ಲಿ ಬೇಸರ ಹೆಚ್ಚಾಯಿತು, ಒಂದರಲ್ಲಿ ಕಡಿಮೆಯಾಯಿತು. ಕಿವಿ ಗಾಜಿನ ಆಚೆಯಿಂದ ಸಾಕು ಎಂದು ಎರಡು ಸಲ ಕೈಮಾಡಿದ. ಊಟವಾದ ಮೇಲೆ ಅಕ್ಕ ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಬಿಸಿನೀರು ಕುಡಿದಳು, ಕಾದಳು, ಕತ್ತಿಗೆ ಶಾಲು ಸುತ್ತಿಕೊಂಡಳು. ಬರಲಿಲ್ಲ.

ಮನೆಗೆ ಬಂದು ಎಲ್ಲ ಟೇಕುಗಳನ್ನೂ ಕೇಳಿದೆ. ಮೊದಲನೆಯದೇ ಚೆನ್ನಾಗಿದೆ.

ಮಾರ್ಚ್ 12

ನಾಳೆ ಆಸ್ಪತ್ರೆಗೆ ಸೇರಿಸಬೇಕು. ಸಂಜೆ ಹೋದಾಗ ಅಕ್ಕ ಭಾವ ಹೊರಗಿನ ಮೆಟ್ಟಿಲ ಮೇಲೆ ಕೈ ಕೈ ಹಿಡಿದು ಕೂತಿದ್ದರು. ಅಕ್ಕನಿಗೆ ದನಿ ಹೊರಡುತ್ತಿಲ್ಲ, ಭಾವ ಏನೂ ಕೇಳುತ್ತಿಲ್ಲ. ಇಳಿಬಿಸಿಲು ಪಕ್ಕದಿಂದ ಬೀಳುತ್ತಿತ್ತು. ಒಳ್ಳೆಯ ಶಾಟ್ ಎಂದುಕೊಂಡೆ.

ಮಾರ್ಚ್ 15

ಆಯಿತು. ಕತ್ತಿನಲ್ಲಿ ಒಂದು ತೂತು ಮಾಡಿದ್ದಾರೆ, ಉಸಿರೆಲ್ಲ ಇನ್ನು ಅದರಲ್ಲೇ. ಎಚ್ಚರವಾದಾಗ ಅಕ್ಕ ಮೊದಲು ಭಾವನ ಶರ್ಟಿನ ಗುಂಡಿ ನೋಡಿದಳು. ಒಂದು ಕಾಜಾ ತಪ್ಪಿಸಿ ಹಾಕಿಕೊಂಡಿದ್ದರು.

ಮಾರ್ಚ್ 26

ಮಕ್ಕಳ ಸ್ಲೇಟೊಂದನ್ನು ತಂದುಕೊಟ್ಟೆ. ಅಕ್ಕ ಬರೆದು ಡಾಕ್ಟರಮ್ಮನಿಗೆ, ನರ್ಸಿಗೆ ತೋರಿಸುತ್ತಾಳೆ. ಆದರೆ ಭಾವನಿಗೆ ಸ್ಲೇಟೂ ಒಂದೇ, ಗೋಡೆಯೂ ಒಂದೇ. ಅವಳು ತುಟಿ ಆಡಿಸುವುದೂ ಅವರಿಗೆ ಕಾಣದು. ಹೀಗಾಗಿ ನಡುವೆ ನಾನು. ಇಷ್ಟು ವರ್ಷ ಗಾಜಿನ ಈಚೆ ಕೂತು ತುಟಿ ನೋಡಿದ್ದು ದಂಡವಾಗಲಿಲ್ಲ. ಅಕ್ಕನ ಬಾಯಿ ಅರ್ಧ ತೆರೆಯುವಷ್ಟರಲ್ಲಿ ನನಗೆ ಪೂರ್ತಿ ಮಾತು ಗೊತ್ತಾಗುತ್ತದೆ.

ಇವತ್ತು ಅವಳು, ಕಾಲು ತಣ್ಣಗಾಗಿದೆ, ಕಾಲುಚೀಲ ಎಲ್ಲಿಟ್ಟರು ಕೇಳು, ಎಂದಳು. ನಾನು ಭಾವನಿಗೆ, ನೀವು ಪಕ್ಕದಲ್ಲಿದ್ದರೆ ಅಕ್ಕನಿಗೆ ಧೈರ್ಯವಂತೆ, ಎಂದೆ. ಭಾವನ ಮುಖ ಅರಳಿತು. ಅಕ್ಕ ನನ್ನ ಕಡೆ ನೋಡಿ ಟಕ್ ಟಕ್ ಎಂದು ಚಿಟಿಕೆ ಹೊಡೆದಳು. ಡಬ್ಬಿಂಗ್ ಕೋಣೆಯಲ್ಲಿ ಅದಕ್ಕೆ ಅರ್ಥ ಒಂದೇ, ತಪ್ಪಿದೆ, ಮತ್ತೆ ಹೇಳು. ಆಮೇಲೆ ಕಾಲುಚೀಲದ ವಿಷಯವನ್ನೂ ಹೇಳಿದೆ ಅನ್ನಿ. ಹಾಸಿಗೆಯ ಕೆಳಗೇ ಬಿದ್ದಿತ್ತು.

ಏಪ್ರಿಲ್ 9

ಅಕ್ಕನಿಗೆ ಕೊನೆಯ ರೀಲು ನೋಡಬೇಕೆನಿಸಿತಂತೆ. ಗಾಳಿಗೆ, ಧೂಳಿಗೆ ಹೊರಗೆ ಬರಬೇಡ ಎಂದರೂ ಕೇಳಲಿಲ್ಲ. ಕತ್ತಿಗೆ ತೆಳು ಬಟ್ಟೆ ಕಟ್ಟಿಕೊಂಡು ಬಂದೇಬಿಟ್ಟಳು. ಕಿವಿ ಎದ್ದು ನಿಂತ. ಅವನು ಯಾರಿಗೂ ಎದ್ದು ನಿಲ್ಲುವವನಲ್ಲ.

ಕೊನೆಯ ದೃಶ್ಯ ಬಂತು. ಖಾಲಿ ಅಂಗಡಿ, ಹಳೆಯ ಗಿರಾಕಿ ಬಟ್ಟೆ ಹಿಡಿದು ಬಂದು ಪಿಳಿಪಿಳಿ ಕಣ್ಣು ಬಿಡುತ್ತಾನೆ. ನಾನು ತೆರೆಯ ಮೇಲೆ, "ಟೇಪು ಮಾರಿಬಿಟ್ಟೆ. ಪರವಾಗಿಲ್ಲ, ನಿಂತ್ಕೊಳ್ಳಿ. ನಿಮ್ಮ ಅಳತೆ ನನ್ನ ಕೈಗೆ ಗೊತ್ತು" ಎನ್ನುತ್ತೇನೆ. ಅಕ್ಕ ಎದ್ದು ಮೈಕಿನ ಮುಂದೆ ಹೋಗಿ ನಿಂತಳು. ಕಾಲನ್ನು ಎಂದಿನಂತೆ ಅಗಲಿಸಿ, ಕೈಯನ್ನು ಎಂದಿನಂತೆ ಸೊಂಟಕ್ಕಿಟ್ಟು. ತುಟಿ ಆಡಿತು. ಒಂದು ಕೂದಲೆಳೆಯೂ ಆಚೀಚೆ ಆಗದೆ ನನ್ನ ತುಟಿಗೆ ಅವಳ ತುಟಿ ಕೂತಿತು. ಯಂತ್ರದ ಮುಳ್ಳು ಮಾತ್ರ ಅಲುಗಲಿಲ್ಲ.

ದೃಶ್ಯ ಮುಗಿಯಿತು. ಬಾಯಿಗೆ ಬಂದದ್ದು ಬಂದುಹೋಯಿತು: "ಇನ್ನೊಂದು" ಎಂದೆ.

ಕಿವಿ ತಲೆ ಬಗ್ಗಿಸಿದ. ಅಕ್ಕ ತಿರುಗಿ ನನ್ನನ್ನು ನೋಡಿ, ಹೆಗಲು ಕುಣಿಯುವಷ್ಟು ನಕ್ಕಳು, ದನಿಯಿಲ್ಲದೆ. ನಕ್ಕು ನಕ್ಕು ಕೆಮ್ಮು ಬಂದು ಕತ್ತಿನ ಬಟ್ಟೆ ಒದ್ದೆಯಾಯಿತು. ನನಗೆ ನೆಲ ಬಿರಿದು ನುಂಗಬಾರದೇ ಅನಿಸಿತು. ಮನೆಗೆ ಬರುವಾಗ ಕಾರಿನಲ್ಲಿ ಅವಳು, ಕೊನೆಯ ರೀಲಿಗೆ ನೀನೇ ದನಿ ಕೊಡು, ಎಂದಳು. ನನ್ನ ದನಿ ಕೇಳಿದರೆ ಜನ ಎದ್ದು ಹೋಗುತ್ತಾರೆ ಎಂದೆ. ಕೊನೆಯ ರೀಲು ತಾನೇ, ಹೇಗೂ ಏಳುವವರೇ, ಎಂದಳು.

ಏಪ್ರಿಲ್ 21

ಕಾಯಿಲೆ ಪೂರ್ತಿ ಹೋಗಿಲ್ಲವಂತೆ. ಶ್ವಾಸಕೋಶದಲ್ಲೂ ಕಾಣಿಸಿದೆ. ಔಷಧಿ ಹಾಕಿಸಿ, ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿದರೆ ಒಂದಷ್ಟು ಕಾಲ ಸಿಗಬಹುದು, ಸಿಗದೆಯೂ ಇರಬಹುದು, ಕಷ್ಟವಂತೂ ಇದೆ ಎಂದು ಡಾಕ್ಟರಮ್ಮ ಹೇಳಿದರು. ನಿರ್ಧಾರ ರೋಗಿಯದೇ ಎಂದು ಅಕ್ಕನ ಕಡೆ ತಿರುಗಿದರು. ಸ್ಲೇಟು ಮನೆಯಲ್ಲೇ ಉಳಿದಿತ್ತು.

ಅಕ್ಕ ಯೋಚಿಸಲೂ ಇಲ್ಲ. ನನ್ನ ಕಡೆ ನೋಡಿ, ಬೇಡ, ನನಗೆ ಸಾಕು, ಇವರ ಜೊತೆ ಮನೇಲಿರ್ತೀನಿ, ಎಂದಳು. ತುಟಿ ಸ್ಪಷ್ಟವಾಗಿತ್ತು. ಅಷ್ಟು ಸ್ಪಷ್ಟವಾಗಿ ಅವಳು ಯಾವ ಚಿತ್ರದಲ್ಲೂ ಹೇಳಿರಲಿಲ್ಲ.

ಡಾಕ್ಟರಮ್ಮ ನನ್ನ ಮುಖ ನೋಡಿದರು. ಭಾವ ಕುರ್ಚಿಯ ತುದಿಗೆ ಬಂದು ಕಿವಿಗೊಟ್ಟು ಕೂತಿದ್ದರು. "ಮಾಡಿಸಿಕೊಳ್ತಾಳಂತೆ. ಯಾವಾಗ ಶುರು ಮಾಡ್ತೀರಿ ಅಂತ ಕೇಳ್ತಿದಾಳೆ" ಎಂದೆ.

ಯಾಕೆ ಹಾಗೆಂದೆ ಅಂದರೆ, ಅವಳನ್ನು ಬಿಟ್ಟುಕೊಡಲು ನನಗೆ ಆಗಲಿಲ್ಲ. ಅಷ್ಟೇ. ಅಕ್ಕ ಚಿಟಿಕೆ ಹೊಡೆಯಲು ಕೈ ಎತ್ತಿದಳು. ಅಷ್ಟರಲ್ಲಿ ಭಾವ ಆ ಕೈಯನ್ನೇ ಹುಡುಕಿ ಹಿಡಿದುಕೊಂಡು, "ನೀನು ಹೂಂ ಅಂದೆಯಲ್ಲ, ನನಗೆ ಅಷ್ಟು ಸಾಕು" ಎಂದು ಅಳತೊಡಗಿದರು. ಅಕ್ಕ ಅವರ ಮುಖವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ ತಲೆಯಾಡಿಸಿದಳು.

ಒಪ್ಪಿದಳು ತಾನೇ. ನಾನೇನೂ ಬಲವಂತ ಮಾಡಲಿಲ್ಲ.

ಮೇ 8

ನಿರ್ಮಾಪಕರ ಫೋನು. ಕೊನೆಯ ರೀಲಿಗೆ ಬೇರೆ ಯಾರನ್ನಾದರೂ ಹಿಡಿಯಿರಿ, ನನ್ನ ಕೈ ಸುಡುತ್ತಿದೆ, ಎಂದರು. ಒಬ್ಬ ಹುಡುಗಿಯನ್ನು ಕರೆಸಿದ್ದರು. ಅಕ್ಕನ ಹಾಗೇ ಮಾತಾಡಿದಳು, ಒಂದು ಗುಲಗಂಜಿಯೂ ಹೆಚ್ಚುಕಡಿಮೆಯಿಲ್ಲ. ಕೇಳಿ ಮೈ ಉರಿಯಿತು. ಬೇಡ ಎಂದು ಎದ್ದು ಬಂದೆ. ಅಕ್ಕನಿಗೆ ವಾಂತಿ ನಿಂತಿಲ್ಲ.

ಮೇ 25

ಬಾಯಲ್ಲೆಲ್ಲ ಹುಣ್ಣು. ತುಟಿ ಒಡೆದು ಊದಿಕೊಂಡಿದೆ, ಒಂದಕ್ಕೊಂದು ಮುಟ್ಟಿಸಲೂ ಆಗುತ್ತಿಲ್ಲ. ಹಾಲೂ ಉರಿಯುತ್ತದೆ. ಸ್ಲೇಟು ಹಿಡಿಯಲು ಬೆರಳಿಗೆ ಶಕ್ತಿಯಿಲ್ಲ. ಅವಳಲ್ಲಿ ಉಳಿದಿದ್ದ ಮಾತು ತುಟಿಯದೊಂದೇ ಆಗಿತ್ತು, ಅದನ್ನೂ ನಾನು ಕಿತ್ತುಕೊಂಡೆ.

ಭಾವ ಏನಂತಾಳೆ, ಏನಂತಾಳೆ ಎಂದು ಕೇಳುತ್ತಲೇ ಇರುತ್ತಾರೆ. ಮೊದಲಾದರೆ ಏನಾದರೊಂದು ಹೇಳುತ್ತಿದ್ದೆ. ಇವತ್ತು, ಏನೂ ಹೇಳುತ್ತಿಲ್ಲ ಭಾವ, ಸುಮ್ಮನೆ ನಿಮ್ಮನ್ನು ನೋಡುತ್ತಿದ್ದಾಳೆ, ಎಂದೆ. ನಿಜವಾಗಿಯೂ ನೋಡುತ್ತಿದ್ದಳು.

ಜೂನ್ 12

ಹುಣ್ಣು ಸ್ವಲ್ಪ ವಾಸಿಯಾಗಿದೆ. ಇನ್ನೊಂದು ಸುತ್ತು ಔಷಧಿ ಹಾಕೋಣವೇ ಎಂದು ಡಾಕ್ಟರಮ್ಮ ಕೇಳಿದರು. ಭಾವ ಕೂಡಲೇ ಹಾಕಿ ಎಂದರು. ನಾನು ಅಕ್ಕನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತೆ. ಅವಳು ನಿಧಾನವಾಗಿ ತುಟಿ ಆಡಿಸಿದಳು. ನಾನು ಜೊತೆಜೊತೆಗೇ ಹೇಳಿದೆ.

"ನನಗೆ ಸಾಕು ಡಾಕ್ಟರೇ. ನಾನು ಮನೆಗೆ ಹೋಗ್ತೀನಿ. ಅವತ್ತೂ ಇದನ್ನೇ ಹೇಳಿದ್ದೆ."

ಕೊನೆಯ ಮಾತನ್ನು ನುಂಗಿಬಿಡಬಹುದಿತ್ತು. ಆದರೂ ಹೇಳಿದೆ. ಡಾಕ್ಟರಮ್ಮ ಒಮ್ಮೆ ನನ್ನನ್ನು ನೋಡಿ, ಆಮೇಲೆ ಅಕ್ಕನ ಕಡೆಗೇ ತಿರುಗಿ, ಆಗಲಿ, ನೋವಿಗೆ ಔಷಧಿ ಬರೆದುಕೊಡುತ್ತೇನೆ ಎಂದರು. ಭಾವ ಮಾತ್ರ ಗಾಳಿಯಲ್ಲಿ ಮುಖ ಹುಡುಕುತ್ತ, ಅವತ್ತು ಅಂದರೆ ಯಾವತ್ತು ಎಂದು ಕೇಳಿದರು.

ಅಕ್ಕ ಅವರ ಮಂಡಿಯ ಮೇಲೆ ಕೈಯಿಟ್ಟಳು. ಅವಳ ತುಟಿ ನೋಡುತ್ತ ನಾನು ಹೇಳಿದೆ: "ಬಿಡಿ. ಪುಟ್ಟಿ ಮಾತು ತಿದ್ದಿದಳು. ಅವಳ ಕೆಲಸವೇ ಅದು ತಾನೇ. ನಿಮ್ಮ ಮುಖ ನೋಡಿ ನಾನೂ ಸುಮ್ಮನಾದೆ."

ಪುಟ್ಟಿ ನಾನು. ಕಾರಿನಲ್ಲಿ ಭಾವ ಅಕ್ಕನ ಪಕ್ಕ ಹಿಂದಿನ ಸೀಟಿನಲ್ಲಿ ಕೂತರು. ಬೈದಿದ್ದರೆ ಚೆನ್ನಾಗಿತ್ತು.

ಜೂನ್ 19

ಬಟ್ಟೆ ತಂದು ಅಕ್ಕನ ಮನೆಯಲ್ಲೇ ಉಳಿದಿದ್ದೇನೆ. ಬೆಳಗ್ಗೆ ಭಾವ ತಾವಾಗಿಯೇ ಬಾಗಿಲ ಹತ್ತಿರ ನಿಂತು, ಬಾರಮ್ಮ, ಅವಳು ಏನೋ ಅಂತಿದ್ದಾಳೆ, ತುಟಿ ಚಟಚಟ ಅನ್ನುತ್ತಿದೆ, ಎಂದು ಕರೆದರು. ಹೋದೆ. ಇವರಿಗೆ ಉಗುರು ಕತ್ತರಿಸು ಎನ್ನುತ್ತಿದ್ದಳು. ಕತ್ತರಿಸಿದೆ.

ದಿನವೆಲ್ಲ ಇಬ್ಬರೂ ಮಾತಾಡುತ್ತಾರೆ. ಸಾಲ ತೀರಿಸದೆ ಊರು ಬಿಟ್ಟ ಯಾವುದೋ ನೆಂಟ, ಮದುವೆಯ ದಿನ ಭಾವನ ಗಡಿಯಾರವೇ ನಿಂತುಹೋದದ್ದು, ಒಡೆದ ಬಕೆಟು. ನಾನು ನಡುವೆ ಸ್ಟೂಲಿನ ಮೇಲೆ. ಕೆಲವು ಮಾತು ನನ್ನೆದುರು ಆಡುವಂಥವಲ್ಲ, ಅವನ್ನೂ ಹೇಳಿದೆ. ಭಾವ ಕಿವಿ ಕೆಂಪು ಮಾಡಿಕೊಂಡರು. ನಿರ್ಮಾಪಕರು ಫೋನು ಮಾಡಿದ್ದರು ಅಂತ ಕಾಣುತ್ತದೆ, ಎತ್ತಲಾಗಲಿಲ್ಲ.

ಜೂನ್ 28

ಮಧ್ಯಾಹ್ನದಿಂದ ಉಸಿರು ಎಳೆಯುತ್ತಿದೆ. ಸಂಜೆ ಹೊತ್ತಿಗೆ ಅಕ್ಕ ಕಣ್ಣು ಬಿಟ್ಟಳು. ಭಾವ ಪಕ್ಕದಲ್ಲೇ ಇದ್ದರು. ತುಟಿ ಆಡಿತು. ಏನಂತಾಳೆ ಎಂದು ಭಾವ ಕೇಳಿದರು.

ಇಷ್ಟು ಚಿತ್ರಗಳಲ್ಲಿ ಇಂಥ ಗಳಿಗೆಗೆ ಎಷ್ಟು ಮಾತು ಬರೆದಿಲ್ಲ ನಾನು. ಹತ್ತು ಬಂದವು ತಲೆಗೆ, ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಎಲ್ಲವೂ ತುಟಿಗೆ ಕೂರುತ್ತಿದ್ದವು.

"ಗ್ಯಾಸ್ ಆಫ್ ಮಾಡಿದ್ರಾ?" ಎಂದೆ. ಅವಳು ಅಂದದ್ದಷ್ಟನ್ನೇ, ಅವಳು ಗದರಿಸುವ ಹಾಗೇ.

ಭಾವ ಎದ್ದು ಗೋಡೆ ಹಿಡಿದು ಅಡುಗೆಮನೆಗೆ ಹೋದರು. ಗುಂಡಿ ಮುಟ್ಟಿ ನೋಡಿ ಬಂದು, "ಮಾಡಿದೀನಿ ಕಣೇ" ಎಂದರು, ಅವಳಿಗೆ. ಅಕ್ಕ ಕಣ್ಣು ಮುಚ್ಚಿದಳು.

ಜೂನ್ 29

ಬೆಳಗ್ಗೆ ಅಕ್ಕ ಹೋದಳು. ಆಮೇಲೆ ತುಟಿ ಆಡಲಿಲ್ಲ. ನಾನು ನೋಡುತ್ತಲೇ ಇದ್ದೆ.

ಆಗಸ್ಟ್ 4

ಮನೆಯಲ್ಲಿ ನಾನು ಭಾವ ಇಬ್ಬರೇ. ಮಾತು ಕಡಿಮೆ. ನಾನು ಸ್ಟೂಲನ್ನು ಇನ್ನೂ ಮಂಚದ ಹತ್ತಿರದಿಂದ ತೆಗೆದಿಲ್ಲ.

ಇವತ್ತು ಡಬ್ಬಿಂಗ್ ಕೋಣೆಗೆ ಹೋದೆ. ಕಿವಿ ಏನೂ ಕೇಳದೆ ಕೊನೆಯ ರೀಲು ಹಾಕಿದ. ಮೈಕಿನ ಮುಂದೆ ಕಾಲು ಅಗಲಿಸಿ ನಿಂತೆ. ಟೇಪು ಮಾರಿಬಿಟ್ಟೆ, ಪರವಾಗಿಲ್ಲ, ನಿಂತ್ಕೊಳ್ಳಿ, ನಿಮ್ಮ ಅಳತೆ ನನ್ನ ಕೈಗೆ ಗೊತ್ತು. ತಗಡು ಎಳೆದ ಹಾಗೇ ಇತ್ತು. ಮಧ್ಯದಲ್ಲಿ ಒಂದು ಕಡೆ ದನಿ ಒಡೆಯಿತು.

ಕಿವಿ ಗಾಜಿನ ಆಚೆ ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದ, ಇನ್ನೊಂದು ಅನ್ನುತ್ತೇನೆಂದು. ಇದೇ ಇರಲಿ ಎಂದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡ. ಸಂಜೆ ನಿರ್ಮಾಪಕರಿಗೆ ಕೇಳಿಸಿದೆವು. ಕೊನೆಯಲ್ಲಿ ದನಿ ಬದಲಾದರೆ ಜನ ಮೆಷಿನ್ ಕೆಟ್ಟಿತು ಎಂದುಕೊಳ್ಳುತ್ತಾರೆ ಎಂದು ತಲೆ ಮೇಲೆ ಕೈಹೊತ್ತು ಕೂತರು. ನನಗೆ ವಾದ ಮಾಡುವ ಉತ್ಸಾಹ ಬರಲಿಲ್ಲ. ಹಾಗೇ ಬಿಡಿ ಎಂದೆ, ಬಿಟ್ಟರು.

ಸೆಪ್ಟೆಂಬರ್ 17

ಬಿಡುಗಡೆ. ಭಾವ ಬರುವುದಿಲ್ಲ ಎಂದುಕೊಂಡಿದ್ದೆ, ಮಧ್ಯಾಹ್ನದಿಂದಲೇ ಶರ್ಟು ಹಾಕಿಕೊಂಡು ಕೂತಿದ್ದರು. ಗುಂಡಿ ಸರಿಯಾಗಿತ್ತು.

ಕಣ್ಣು ಮುಚ್ಚಿ ಕೂತರು. ಅಕ್ಕನ ಮೊದಲ ಮಾತು ಕೇಳಿದ ಕೂಡಲೇ ಎದುರಿನ ಸೀಟಿನ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕಣ್ಣೀರು ಇಳಿಯುತ್ತಲೇ ಇತ್ತು, ಒರೆಸಿಕೊಳ್ಳಲಿಲ್ಲ, ಒರೆಸಿಕೊಂಡರೆ ಒಂದು ಮಾತು ತಪ್ಪಿಹೋಗುತ್ತದೆ ಎಂಬಂತೆ. ಗುಂಡುಸೂಜಿಯ ದೃಶ್ಯದಲ್ಲಿ ನಕ್ಕರು. ಕುಂಟುವ ಯಂತ್ರದ ಮಾತು ಬಂದು ಹೋಯಿತು. ಮೊದಲ ಟೇಕನ್ನೇ ಇಟ್ಟಿದ್ದೆ.

ಕೊನೆಯ ರೀಲು ಬಂತು. ಖಾಲಿ ಅಂಗಡಿಯಲ್ಲಿ ನನ್ನ ಒಡಕು ದನಿ ಮೊದಲ ಬಾರಿಗೆ ಕೇಳಿಸಿತು. ಹಿಂದಿನ ಸಾಲಿನಲ್ಲಿ ಯಾರೋ ಸೌಂಡು ಸರಿಮಾಡ್ರೀ ಎಂದರು. ಒಂದಿಬ್ಬರು ಎದ್ದರು. ನಾನು ಸೀಟಿನಲ್ಲಿ ಕುಗ್ಗಿಹೋದೆ, ಭಾವನ ಕಡೆ ನೋಡಲು ಧೈರ್ಯವಾಗಲಿಲ್ಲ. ಅವರು ಕೇಳಬೇಕೆಂದು ಬಂದ ದನಿ ಮುಗಿದುಹೋಗಿತ್ತು, ಹೇಳದೆ ಕೇಳದೆ.

ಭಾವ ಸೀಟಿನ ಬೆನ್ನು ಬಿಟ್ಟು ಹಿಂದಕ್ಕೆ ಒರಗಿದರು. ಆಗ ಮೊದಲ ಸಲ ಕಣ್ಣೊರೆಸಿಕೊಂಡರು. ನನ್ನ ಕಡೆ ವಾಲಿ, ಪಿಸುಮಾತಿನಲ್ಲಿ, "ಕೊನೆಕೊನೆಗೆ ಅವಳ ದನಿ ಹೀಗೇ ಆಗಿತ್ತು ನೋಡು" ಎಂದರು.

ನಾನು ತಿದ್ದಲಿಲ್ಲ.